ಸ್ಕೂಕ್ಲೋಸ್ಟರ್ ಅರಮನೆಯ ಮುಗಿಯದ ಹಜಾರ

ಸ್ವೀಡನ್ನಿನ ಹಳೆಯ ಶ್ರೀಮಂತ ಮನೆತನಗಳ ಅರಮನೆಗಳ ಬಗ್ಗೆ ಓದಲು ಶುರುಮಾಡಿದಾಗ ನಾನೂ ಎಲ್ಲರಂತೆ ಚಂದದ ಕೋಣೆಗಳ ಹಿಂದೆ ಬಿದ್ದಿದ್ದೆ. ಹೊಳೆಯುವ ಚರ್ಮ ಹೊದಿಸಿದ ಗೋಡೆ, ರೇಷ್ಮೆ ಪರದೆ ಕಟ್ಟಿದ ಮಂಚ, ಗಾರೆ ಗೊಂಬೆಗಳು ತುಂಬಿದ ಛಾವಣಿ. ಆದರೆ ನನಗೆ ಜಾಸ್ತಿ ಕಲಿಸಿದ್ದು ಇವು ಯಾವುದೂ ಇಲ್ಲದ ಒಂದು ಹಜಾರ. ಅಲ್ಲಿ ಗೋಡೆಗೆ ಗಾರೆ ಇಲ್ಲ, ಇಟ್ಟಿಗೆ ಹಾಗೇ ಕಾಣುತ್ತದೆ. ತಲೆಯ ಮೇಲೆ ಬರೀ ಮರದ ತೊಲೆಗಳು. ಕೆಲಸದವರು ಬಿಟ್ಟುಹೋದ ಸಾಮಾನುಗಳು ಅಲ್ಲೇ ಇವೆ. 1676ರ ಬೇಸಿಗೆಯಲ್ಲಿ ಅವರು ಕೆಲಸ ನಿಲ್ಲಿಸಿ ಹೊರಟರು. ಆಮೇಲೆ ಯಾರೂ ಅದನ್ನು ಮುಗಿಸಲಿಲ್ಲ.

ಇದು ಸ್ಕೂಕ್ಲೋಸ್ಟರ್ ಅರಮನೆ. ಸ್ಟಾಕ್‌ಹೋಮ್ ಮತ್ತು ಉಪ್ಸಾಲಾ ನಗರಗಳ ನಡುವೆ, ಮೇಲಾರೆನ್ ಸರೋವರಕ್ಕೆ ಚಾಚಿಕೊಂಡ ನೆಲದ ಮೇಲಿದೆ. ದೂರದಿಂದ ಬಿಳಿಯ ಚೌಕಾಕಾರದ ಕಟ್ಟಡ. ನಾಲ್ಕು ಅಂತಸ್ತು, ನಾಲ್ಕು ಮೂಲೆಗೂ ಎಂಟು ಮುಖದ ಗೋಪುರ. ಹೆಸರಿನಲ್ಲೇ ಇರುವ ‘ಕ್ಲೋಸ್ಟರ್’ ಅಂದರೆ ಮಠ. ಇಲ್ಲಿ ಮೊದಲು ಕ್ರೈಸ್ತ ಸನ್ಯಾಸಿನಿಯರ ಮಠವಿತ್ತು. 16ನೇ ಶತಮಾನದಲ್ಲಿ ಸ್ವೀಡನ್ ಕ್ಯಾಥೊಲಿಕ್ ಚರ್ಚಿನಿಂದ ಬೇರೆಯಾದ ಧರ್ಮ ಸುಧಾರಣೆಯ ಕಾಲದಲ್ಲಿ ಅದರ ಆಸ್ತಿ ರಾಜನ ಪಾಲಾಯಿತು. ಮಠದ ಚರ್ಚು ಮಾತ್ರ ಈಗಲೂ ಅರಮನೆಯ ಪಕ್ಕದಲ್ಲೇ ನಿಂತಿದೆ.

ದೂರದಿಂದ ಕಟ್ಟಿಸಿದ ಮನೆ

1611ರಲ್ಲಿ ಈ ಜಮೀನು ಹರ್ಮನ್ ವ್ರಾಂಗೆಲ್ ಎಂಬ ಸೇನಾಧಿಕಾರಿಗೆ ಸಿಕ್ಕಿತು. ಅವನ ಮಗ ಕಾರ್ಲ್ ಗುಸ್ತಾಫ್ ವ್ರಾಂಗೆಲ್ ಇಲ್ಲೇ 1613ರಲ್ಲಿ ಹುಟ್ಟಿದ. ಯೂರೋಪಿನಲ್ಲಿ 1618ರಿಂದ 1648ರವರೆಗೆ ನಡೆದ ಮೂವತ್ತು ವರ್ಷಗಳ ಯುದ್ಧದ ಕೊನೆಯ ವರ್ಷಗಳಲ್ಲಿ, 1646ರಿಂದ, ಜರ್ಮನ್ ನೆಲದಲ್ಲಿದ್ದ ಸ್ವೀಡಿಷ್ ಸೈನ್ಯಕ್ಕೆ ಅವನೇ ಮುಖ್ಯಸ್ಥ. ಯುದ್ಧ ಮುಗಿದ ಮೇಲೆ ಬಾಲ್ಟಿಕ್ ಸಮುದ್ರದ ಆಚೆ ದಡದ ಸ್ವೀಡಿಷ್ ಪೊಮೆರೇನಿಯಾಕ್ಕೆ ಗವರ್ನರ್ ಜನರಲ್ ಆದ. ಆಗ ಸ್ವೀಡನ್ ಅಂದರೆ ಜನ ಕಡಿಮೆ, ಚಳಿ ಜಾಸ್ತಿ ಇದ್ದ ಒಂದು ದೇಶ. ಅದು ಒಮ್ಮೆಲೇ ಯೂರೋಪಿನ ದೊಡ್ಡ ಶಕ್ತಿಯಾಗಿ ಎದ್ದಿತ್ತು. ಹಾಗೆ ಎದ್ದವರಿಗೆ ತಾವು ದೊಡ್ಡವರು ಎಂದು ತೋರಿಸುವ ಮನೆ ಬೇಕಿತ್ತು.

1654ರಲ್ಲಿ ಕೆಲಸ ಶುರುವಾಯಿತು. ಮುಖ್ಯ ವಿನ್ಯಾಸ ಜರ್ಮನಿಯ ಎರ್ಫುರ್ಟ್‌ನ ಕಾಸ್ಪರ್ ಫೋಗೆಲ್‌ನದು. ಸ್ವೀಡನ್ನಿನಲ್ಲಿ ಆ ಕಾಲಕ್ಕೆ ಹೆಸರಾಗಿದ್ದ ಜಾನ್ ದೆ ಲಾ ವಲ್ಲೆ ಮತ್ತು ಹಿರಿಯ ನಿಕೋದೇಮಸ್ ಟೆಸ್ಸೀನ್ ಕೂಡ ಕೈಜೋಡಿಸಿದರು. ಕಟ್ಟಡದ ಮರದ ಮಾದರಿಯೊಂದನ್ನು ಆಗಲೇ ಮಾಡಿಸಿದ್ದರು. ಆ ಮಾದರಿ ಇವತ್ತಿಗೂ ಅರಮನೆಯೊಳಗಿದೆ. ಮುಗಿಯದ ಕಟ್ಟಡದ ಒಳಗೇ, ಮುಗಿದರೆ ಹೇಗಿರಬೇಕಿತ್ತು ಅಂತ ತೋರಿಸುವ ಪುಟ್ಟ ಮನೆ.

ವ್ರಾಂಗೆಲ್ ಇಲ್ಲಿ ವಾಸವಿದ್ದದ್ದು ತೀರಾ ಕಡಿಮೆ. ಅವನ ಹುದ್ದೆ ಪೊಮೆರೇನಿಯಾದಲ್ಲಿತ್ತು. ಅವನು, ಅವನ ಹೆಂಡತಿ ಅನ್ನಾ ಮಾರ್ಗರೇತಾ ಫೋನ್ ಹೌಗ್ವಿಟ್ಸ್ ಇಬ್ಬರೂ ವರ್ಷದ ಬಹುಪಾಲು ಬೇರೆಡೆ ಇರುತ್ತಿದ್ದರು. ಹಾಗಾಗಿ ಈ ಮನೆ ಕಾಗದ ಪತ್ರಗಳ ಮೇಲೆ ಎದ್ದಿತು. ಊರಿನ ಮೇಲ್ವಿಚಾರಕನಿಗೆ ಆಜ್ಞೆ ಹೋಗುತ್ತಿತ್ತು, ಅಲ್ಲಿಂದ ಲೆಕ್ಕ ಬರುತ್ತಿತ್ತು. ಓದುಗರಾದ ನಮಗೆ ಇದು ದೊಡ್ಡ ಭಾಗ್ಯ. ಯಜಮಾನ ಪಕ್ಕದಲ್ಲೇ ನಿಂತಿದ್ದರೆ ಬಾಯಲ್ಲಿ ಹೇಳಿ ಮುಗಿಸುತ್ತಿದ್ದ ಮಾತುಗಳು ಇಲ್ಲಿ ಬರಹದಲ್ಲಿ ಉಳಿದವು.

ಮನೆಯೊಳಗೆ ತುಂಬಿದ ವಸ್ತುಗಳ ವಿಷಯವನ್ನು ನೇರವಾಗಿ ಹೇಳಬೇಕು. ಕೆಲವನ್ನು ದುಡ್ಡು ಕೊಟ್ಟು ತರಿಸಿದ್ದು, ಕೆಲವು ಯುದ್ಧದಲ್ಲಿ ಕೊಳ್ಳೆ ಹೊಡೆದದ್ದು. ಇಲ್ಲಿನ ಅತಿ ಹೆಸರಾದ ಚಿತ್ರ ಇಟಲಿಯ ಚಿತ್ರಕಾರ ಆರ್ಚಿಂಬೋಲ್ಡೊ ಬರೆದ ‘ವೆರ್ಟುಮ್ನಸ್’. ಪ್ರಾಗ್‌ನಲ್ಲಿ ಆಸ್ಥಾನವಿದ್ದ ಚಕ್ರವರ್ತಿ ಎರಡನೇ ರುಡಾಲ್ಫ್‌ನ ಮುಖವನ್ನು ಪೂರ್ತಿ ಹಣ್ಣು, ತರಕಾರಿ, ಹೂವುಗಳಲ್ಲೇ ಬರೆದ ಚಿತ್ರ ಅದು. ಮೂಗಿನ ಜಾಗದಲ್ಲಿ ಪೇರು ಹಣ್ಣಿದೆ. 1590ರ ಸುಮಾರಿಗೆ ಬರೆದದ್ದು. 1648ರಲ್ಲಿ ಸ್ವೀಡಿಷ್ ಸೈನ್ಯ ಪ್ರಾಗ್ ನಗರವನ್ನು ದೋಚಿದಾಗ ಅಲ್ಲಿಂದ ಹೊರಟಿತು. ಚಂದದ ವಸ್ತುವನ್ನು ಮೆಚ್ಚುವಾಗ ಅದು ಬಂದ ದಾರಿಯನ್ನೂ ಹೇಳದಿದ್ದರೆ ಅರ್ಧ ಕತೆ ಹೇಳಿದಂತೆ ಅಂತ ನನಗನ್ನಿಸುತ್ತದೆ.

ವ್ರಾಂಗೆಲ್‌ಗೆ ಇನ್ನೊಂದು ಆಸೆಯಿತ್ತು. ಹಾಲೆಂಡ್‌ನಿಂದ ಬಡಗಿಯ ಕೈಸಾಮಾನುಗಳನ್ನು ರಾಶಿಯಾಗಿ ತರಿಸಿದ. ಉಳಿ, ಗರಗಸ, ಹತ್ತರಿ, ಮರ ಕಡೆಯುವ ಲೇತ್. ಆ ಕಾಲದ ದೊಡ್ಡ ಮನೆಗಳ ಗಂಡಸರಿಗೆ ಲೇತ್ ಮುಂದೆ ಕೂತು ಮರ, ದಂತ ಕಡೆಯುವುದು ಗೌರವದ ಹವ್ಯಾಸ. ಸಾಮಾನ್ಯವಾಗಿ ಕೈಸಾಮಾನು ಸವೆಯುತ್ತದೆ, ಮುರಿಯುತ್ತದೆ, ಕೊನೆಗೆ ಕುಲುಮೆಗೆ ಹೋಗುತ್ತದೆ. 17ನೇ ಶತಮಾನದ ಉಳಿಯೊಂದು ಹಿಡಿಯ ಸಮೇತ ಉಳಿಯುವುದು ತುಂಬಾ ಅಪರೂಪ. ಇಲ್ಲಿ ಉಳಿದಿವೆ. ಬಂಗಾರದ ಬಟ್ಟಲಿಗಿಂತ ಇವು ನನಗೆ ಹೆಚ್ಚು ಬೆಲೆಯವು ಅನ್ನಿಸಿದವು.

ಕೆಲಸ ನಿಂತ ದಿನ

1675ರಲ್ಲಿ ಫೆರ್‌ಬೆಲ್ಲಿನ್ ಎಂಬಲ್ಲಿ ಬ್ರಾಂಡೆನ್‌ಬರ್ಗ್ ಎಂಬ ಜರ್ಮನ್ ರಾಜ್ಯದ ಸೈನ್ಯದ ಎದುರು ಸ್ವೀಡಿಷ್ ಸೈನ್ಯ ಸೋತಿತು. ವ್ರಾಂಗೆಲ್‌ಗೆ ಆಗ ವಯಸ್ಸಾಗಿತ್ತು, ಕಾಯಿಲೆಯೂ ಇತ್ತು. ಹೆಂಡತಿ 1673ರಲ್ಲೇ ತೀರಿಕೊಂಡಿದ್ದಳು. 1676ರ ಬೇಸಿಗೆಯಲ್ಲಿ ಪೊಮೆರೇನಿಯಾದ ರ‍್ಯೂಗನ್ ದ್ವೀಪದಲ್ಲಿದ್ದ ಸ್ಪೀಕರ್ ಎಂಬ ಹೆಸರಿನ ತನ್ನ ಮಾಳಿಗೆಮನೆಯಲ್ಲಿ ಅವನೂ ಸತ್ತ. ಸುದ್ದಿ ಸ್ಕೂಕ್ಲೋಸ್ಟರ್‌ಗೆ ಬಂತು. ದುಡ್ಡು ಕೊಡುವವನು ಇಲ್ಲ ಅಂದ ಮೇಲೆ ಕೆಲಸವೂ ಇಲ್ಲ. ಔತಣದ ದೊಡ್ಡ ಹಜಾರ ಇದ್ದಲ್ಲಿಗೇ ನಿಂತಿತು.

ಈ ಹಜಾರ ಓದುಗನಿಗೆ ಏನು ಕೊಡುತ್ತದೆ? ಅದೇ ಅರಮನೆಯ ರಾಜರ ಹಜಾರದ ಜೊತೆ ಇಟ್ಟು ನೋಡಿದರೆ ಗೊತ್ತಾಗುತ್ತದೆ. ರಾಜರ ಹಜಾರದ ಛಾವಣಿಯಲ್ಲಿ ಗಾರೆಯ ಕೆಲಸ ದಟ್ಟವಾಗಿದೆ. ಬಣ್ಣ ಬಳಿದ ಮೂರ್ತಿಗಳು ಛಾವಣಿಯಿಂದ ಹೊರಗೆ ಚಾಚಿವೆ. ನಡುವೆ ದೊಡ್ಡ ದೀಪದ ಗೊಂಚಲು ಇಳಿಬಿದ್ದಿದೆ. ಕೆಳಗೆ ನಿಂತವರಿಗೆ ಅದು ಕಲ್ಲಿನಷ್ಟು ಗಟ್ಟಿ ಅನ್ನಿಸುತ್ತದೆ. ಇಂಥ ಕೆಲಸದ ಕ್ರಮ ಹೀಗೆ: ಮೊದಲು ತೊಲೆ. ತೊಲೆಯ ಅಡಿಗೆ ಹಲಗೆ. ಹಲಗೆಗೆ ಜೊಂಡನ್ನೋ ಸಣ್ಣ ಪಟ್ಟಿಯನ್ನೋ ಮೊಳೆ ಹೊಡೆದು ಕೂಡಿಸುತ್ತಾರೆ, ಗಾರೆಗೆ ಹಿಡಿತ ಸಿಗಲಿ ಅಂತ. ಅದರ ಮೇಲೆ ಒರಟು ಗಾರೆ, ಆಮೇಲೆ ನಯವಾದ ಗಾರೆ. ಮುಂದೆ ಚಾಚುವ ಗೊಂಬೆಗೆ ಒಳಗೆ ಮರದ್ದೋ ಕಬ್ಬಿಣದ್ದೋ ಹಂದರ. ಕೊನೆಗೆ ಕರಣೆ ಮತ್ತು ಕಡ್ಡಿಯಿಂದ ರೂಪ ತಿದ್ದುವುದು, ಗಾರೆ ಆರುವುದರೊಳಗೆ.

ಮುಗಿದ ಹಜಾರದಲ್ಲಿ ಇದರಲ್ಲಿ ಕಾಣುವುದು ಕೊನೆಯ ಮೆಟ್ಟಿಲು ಮಾತ್ರ. ಮುಗಿಯದ ಹಜಾರದಲ್ಲಿ ಮೊದಲ ಮೆಟ್ಟಿಲು ಕಾಣುತ್ತದೆ. ತೊಲೆ ಎಷ್ಟು ದಪ್ಪ, ಎಷ್ಟು ಅಂತರದಲ್ಲಿದೆ, ಗೋಡೆಯೊಳಗೆ ಹೇಗೆ ಕೂತಿದೆ, ಇಟ್ಟಿಗೆಯ ಸಾಲು ಹೇಗೆ ಹೋಗಿದೆ ಎಲ್ಲವೂ ಬಯಲಾಗಿದೆ. ಬೇರೆ ಅರಮನೆಯಲ್ಲಿ ಇದನ್ನು ತಿಳಿಯಬೇಕಾದರೆ ಗಾರೆ ಒಡೆಯಬೇಕು. ಯಾರು ಬಿಡುತ್ತಾರೆ, ಅಲ್ವಾ? ಇಲ್ಲಿ ಸುಮ್ನೆ ತಲೆ ಎತ್ತಿದರೆ ಸಾಕು.

ಅಲಂಕಾರದ ಬಗ್ಗೆ ನನ್ನ ತಿಳಿವಳಿಕೆ ತಿರುಗಿದ್ದು ಇಲ್ಲೇ. ಶ್ರೀಮಂತರ ಮನೆಯ ವೈಭವ ಅಂದರೆ ದುಬಾರಿ ಸಾಮಾನು ಅಂದುಕೊಂಡಿದ್ದೆ. ಆದರೆ ಛಾವಣಿಯ ಗಾರೆಯಲ್ಲಿರುವುದು ಸುಣ್ಣ, ಮರಳು, ಜಿಪ್ಸಮ್. ಹೊಳೆಯುವ ಚರ್ಮದ ಗೋಡೆಯಲ್ಲೂ ಚಿನ್ನವಿಲ್ಲ. ಅದು ಅಚ್ಚು ಒತ್ತಿದ ಕರುವಿನ ಚರ್ಮ. ಮೇಲೆ ಬೆಳ್ಳಿಯ ತೆಳು ರೇಕು ಅಂಟಿಸಿ, ಅದರ ಮೇಲೆ ಹಳದಿ ವಾರ್ನಿಷ್ ಬಳಿಯುತ್ತಾರೆ. ಬೆಳ್ಳಿ ಚಿನ್ನದಂತೆ ಕಾಣುತ್ತದೆ. ಬೆಲೆಯೆಲ್ಲ ಕೈಯ ಕೆಲಸದ್ದು. ಹೀಗಿರುವಾಗ ಕೆಲಸಗಾರನ ಹೆಜ್ಜೆ ಕಾಣುವ ಕೋಣೆಯೇ ಈ ಕಲೆಯನ್ನು ಓದಲು ಸರಿಯಾದ ಜಾಗ.

ಒಬ್ಬನ ಎರಡು ಮನೆಗಳು

ಮುನ್ನೂರು ವರ್ಷ ಯಾರೂ ಯಾಕೆ ಮುಟ್ಟಲಿಲ್ಲ? ಉತ್ತರ ಹುಡುಕಲು ವ್ರಾಂಗೆಲ್‌ನ ಇನ್ನೊಂದು ಮನೆಗೆ ಹೋಗೋಣ. ಸ್ಟಾಕ್‌ಹೋಮ್‌ನ ರಿಡ್ಡಾರ್‌ಹೋಲ್ಮೆನ್ ದ್ವೀಪದಲ್ಲಿ ಅವನಿಗೆ ದೊಡ್ಡ ಅರಮನೆ ಇತ್ತು. ರಾಜಧಾನಿಯ ನಡುವೆ, ರಾಜನ ಅರಮನೆಗೆ ಹತ್ತಿರ. 1693ರಲ್ಲಿ ಅದಕ್ಕೆ ಬೆಂಕಿ ಬಿತ್ತು. ಮತ್ತೆ ಕಟ್ಟಿದರು. 1697ರಲ್ಲಿ ಟ್ರೆ ಕ್ರೂನೂರ್ ಎಂಬ ಹಳೆಯ ರಾಜಕೋಟೆ ಸುಟ್ಟುಹೋದಾಗ ರಾಜಮನೆತನ ಇಲ್ಲಿಗೆ ಬಂದು 1754ರವರೆಗೆ ಉಳಿಯಿತು. ಆಮೇಲೆ ಅದು ನ್ಯಾಯಾಲಯವಾಯಿತು. ಈಗಲೂ ಅಲ್ಲಿ ಸ್ವೇಯಾ ಮೇಲ್ಮನವಿ ನ್ಯಾಯಾಲಯವಿದೆ. ಬಳಕೆಯಲ್ಲಿದ್ದ ಮನೆ. ಪ್ರತಿ ತಲೆಮಾರೂ ತನಗೆ ಬೇಕಾದಂತೆ ಬದಲಿಸಿತು. ವ್ರಾಂಗೆಲ್ ನಡೆದಾಡಿದ ಕೋಣೆಗಳನ್ನು ಅಲ್ಲಿ ಹುಡುಕಿದರೆ ಸಿಗುವುದು ಬಹಳ ಕಡಿಮೆ.

ಸ್ಕೂಕ್ಲೋಸ್ಟರ್‌ನ ಪಾಡು ಬೇರೆ. ವ್ರಾಂಗೆಲ್‌ಗೆ ಗಂಡು ಮಕ್ಕಳು ಉಳಿಯಲಿಲ್ಲ. ಅರಮನೆ ಮಗಳು ಮಾರ್ಗರೇತಾ ಯೂಲಿಯಾನಾಳ ಮೂಲಕ ಅವಳು ಸೇರಿದ ಬ್ರಾಹೆ ಮನೆತನಕ್ಕೆ ಹೋಯಿತು. ಅವರು ದೊಡ್ಡ ಮನೆತನ, ಅವರಿಗೆ ಬೇರೆ ಮನೆಗಳಿದ್ದವು. ಜೊತೆಗೆ ಕಾನೂನಿನ ಒಂದು ಕಟ್ಟು ಇತ್ತು. ಸ್ವೀಡಿಷ್‌ನಲ್ಲಿ ಅದನ್ನು ಫಿಡೆಯಿಕೊಮ್ಮಿಸ್ ಅನ್ನುತ್ತಾರೆ. ಆಸ್ತಿ ಒಬ್ಬ ವಾರಸುದಾರನಿಗೆ ಇಡಿಯಾಗಿ ಹೋಗಬೇಕು, ಮಾರುವಂತಿಲ್ಲ, ಪಾಲು ಮಾಡುವಂತಿಲ್ಲ. ವಾರಸುದಾರರೆಲ್ಲರ ನಡುವೆ ಹಂಚಿಹೋಗುವ ನಮ್ಮ ಕೂಡು ಕುಟುಂಬದ ಆಸ್ತಿಗೆ ಇದು ಪೂರ್ತಿ ಉಲ್ಟಾ. ನ್ಯಾಯದ ದೃಷ್ಟಿಯಿಂದ ನೋಡಿದರೆ ತಂಗಿ ತಮ್ಮಂದಿರಿಗೆ ಇದು ಕಷ್ಟದ ಏರ್ಪಾಡು. ಆದರೆ ಮಂಚ, ಪರದೆ, ಪುಸ್ತಕ, ಬಂದೂಕು ಎಲ್ಲ ಒಂದೇ ಸೂರಿನಡಿ ಉಳಿದದ್ದು ಇದರಿಂದಲೇ.

ಬ್ರಾಹೆಗಳು ಏನೂ ಮಾಡಲಿಲ್ಲ ಅಂತಲ್ಲ. 18ನೇ ಶತಮಾನದಲ್ಲಿ ಸಾಲ್‌ಸ್ತಾ ಅರಮನೆಯ ಬಿಯೆಲ್ಕೆ ಮನೆತನದ ಪುಸ್ತಕಗಳು ಮತ್ತು ಆಯುಧಗಳು ಇಲ್ಲಿಗೆ ಸೇರಿದವು. 19ನೇ ಶತಮಾನದಲ್ಲಿ ಮಾಗ್ನುಸ್ ಬ್ರಾಹೆ ಸಂಗ್ರಹವನ್ನು ಪ್ರೀತಿಯಿಂದ ನೋಡಿಕೊಂಡ. ಮೇಲಿನ ಅಂತಸ್ತಿನ ಆಯುಧ ಕೋಣೆಗೆ ಮತ್ತು ಗ್ರಂಥಾಲಯಕ್ಕೆ ಹೋದರೆ ಅದು ಕಾಣುತ್ತದೆ. ಆದರೆ ಮುಗಿಯದ ಹಜಾರವನ್ನು ಮುಗಿಸುವ ಗೋಜಿಗೆ ಯಾರೂ ಹೋಗಲಿಲ್ಲ. 1930ರಲ್ಲಿ ಬ್ರಾಹೆ ಮನೆತನದ ಗಂಡು ಸಂತತಿ ಮುಗಿದು ಅರಮನೆ ಫೋನ್ ಎಸ್ಸೆನ್ ಕುಟುಂಬಕ್ಕೆ ಬಂತು. 1963ರಲ್ಲಿ ಸ್ವೀಡನ್ ಸಂಸತ್ತು ಫಿಡೆಯಿಕೊಮ್ಮಿಸ್ ಪದ್ಧತಿಯನ್ನು ಮುಗಿಸುವ ಕಾನೂನು ತಂದಿತು. 1967ರಲ್ಲಿ ಅರಮನೆ ಸರ್ಕಾರದ್ದಾಯಿತು.

ರಿಪೇರಿಯ ಪ್ರಶ್ನೆ

ಈಗ ಪ್ರಕರಣದ ಗಟ್ಟಿ ಭಾಗ. ಸರ್ಕಾರದ ಕೈಗೆ ಬಂದದ್ದು ಮುನ್ನೂರು ವರ್ಷದ ಮಳೆ, ಹಿಮ ಕಂಡ ಕಟ್ಟಡ. ಅದಕ್ಕೆ ದೊಡ್ಡ ರಿಪೇರಿ ಬೇಕಿತ್ತು. ಕಾಲ 1960ರ ದಶಕ. ಸಿಮೆಂಟು, ಉಕ್ಕು, ಪ್ಲಾಸ್ಟಿಕ್ ಬಣ್ಣ ಕೈಗೆ ಸಿಗುವ ಕಾಲ. ಹಳೆಯ ಸ್ಮಾರಕಗಳನ್ನು ಹೇಗೆ ಉಳಿಸಬೇಕು ಎಂದು ಬೇರೆ ಬೇರೆ ದೇಶಗಳ ತಜ್ಞರು ಸೇರಿ ಒಪ್ಪಿದ 1964ರ ವೆನಿಸ್ ಸನ್ನದು ಕೂಡ, ಹಳೆಯ ವಿಧಾನ ಸಾಲದಿದ್ದಲ್ಲಿ ಹೊಸ ತಂತ್ರ ಬಳಸಬಹುದು ಎಂದಿತ್ತು. ಹೊಸದಾಗಿ ಸೇರಿಸಿದ್ದು ಹಳೆಯದಕ್ಕಿಂತ ಬೇರೆ ಅಂತ ಗೊತ್ತಾಗಬೇಕು ಎಂದೂ ಅದು ಹೇಳಿತ್ತು.

ರಿಪೇರಿಯ ಹೊಣೆ ಹೊತ್ತ ವಾಸ್ತುಶಿಲ್ಪಿ ಊವೆ ಹೀಡೆಮಾರ್ಕ್. ಹುಟ್ಟಿದ್ದು 1931ರಲ್ಲಿ. ಆಗ ಇನ್ನೂ ನಲವತ್ತು ದಾಟಿರಲಿಲ್ಲ. ಅವರು ಹಿಡಿದ ದಾರಿ ಕೇಳಲು ಸರಳ. ಕಟ್ಟಡ ಯಾವುದರಿಂದ ಆಗಿದೆಯೋ ಅದರಿಂದಲೇ ಸರಿಮಾಡಬೇಕು. ಸುಣ್ಣಕ್ಕೆ ಸುಣ್ಣ, ಮರಕ್ಕೆ ಅದೇ ಜಾತಿಯ ಮರ, ಬಣ್ಣಕ್ಕೆ ಅಗಸೆ ಎಣ್ಣೆಯ ಬಣ್ಣ. ಮಾಡುವ ರೀತಿಯೂ ಹಳೆಯದೇ. ಕೊಳೆತ ತೊಲೆಯಲ್ಲಿ ಕೊಳೆತಷ್ಟನ್ನೇ ತೆಗೆದು ಉಳಿದ ಆರೋಗ್ಯದ ಮರಕ್ಕೆ ಹೊಸ ತುಂಡು ಜೋಡಿಸುವುದು. ಪೂರ್ತಿ ತೊಲೆ ಬದಲಿಸುವುದಲ್ಲ.

ಕೇಳಲು ಸರಳ, ಮಾಡಲು ಕಷ್ಟ. ಸುಣ್ಣದ ಗಾರೆಯ ಕೆಲಸ ಗೊತ್ತಿದ್ದ ಮೇಸ್ತ್ರಿಗಳು ಆ ಹೊತ್ತಿಗೆ ವಿರಳವಾಗಿದ್ದರು. ಒಂದು ಕೌಶಲ ತಲೆಮಾರಿನಿಂದ ತಲೆಮಾರಿಗೆ ದಾಟದೆ ಹೋದರೆ ಅದನ್ನು ಮತ್ತೆ ಕಟ್ಟಡದಿಂದಲೇ ಕಲಿಯಬೇಕು. ಹಳೆಯ ಗಾರೆಯ ತುಂಡನ್ನು ನೋಡಿ, ಹಳೆಯ ಮರದ ಮೇಲಿನ ಕೊಡಲಿಯ ಗುರುತು ನೋಡಿ, ಮಾಡಿ, ಕೆಡಿಸಿ, ಮತ್ತೆ ಮಾಡಿ. ಕೆಲಸ ಸುಮಾರು ಒಂದು ದಶಕ ನಡೆಯಿತು. ಮುಗಿಯುವ ಹೊತ್ತಿಗೆ 1970ರ ದಶಕ ಕೊನೆಗೆ ಬಂದಿತ್ತು.

ಸುಣ್ಣ ಯಾಕೆ ಅಷ್ಟು ಮುಖ್ಯ? ಹಳೆಯ ಇಟ್ಟಿಗೆ ಗೋಡೆ ತೇವ ಹೀರುತ್ತದೆ, ಮತ್ತೆ ಬಿಡುತ್ತದೆ. ಸುಣ್ಣದ ಗಾರೆಯಲ್ಲಿ ಸಣ್ಣ ಸಣ್ಣ ರಂಧ್ರಗಳಿವೆ, ತೇವ ಅದರ ಮೂಲಕ ಹೊರಗೆ ಹೋಗುತ್ತದೆ. ಗಾರೆ ಇಟ್ಟಿಗೆಗಿಂತ ಮೆದು. ಹಾಗಾಗಿ ಸವೆಯುವುದಾದರೆ ಗಾರೆ ಸವೆಯುತ್ತದೆ, ಇಟ್ಟಿಗೆ ಉಳಿಯುತ್ತದೆ. ಸಿಮೆಂಟು ಇದಕ್ಕೆ ತಿರುವುಮುರುವು. ಗಟ್ಟಿ, ಬಿಗಿ. ತೇವ ಒಳಗೇ ಸಿಕ್ಕಿಬೀಳುತ್ತದೆ. ಚಳಿಗಾಲದಲ್ಲಿ ಆ ನೀರು ಹೆಪ್ಪುಗಟ್ಟಿ ಹಿಗ್ಗುತ್ತದೆ. ಒಳಗಿನ ಇಟ್ಟಿಗೆ ಪುಡಿಯಾಗುತ್ತದೆ, ಮೇಲಿನ ಸಿಮೆಂಟು ಹಾಳೆಯಂತೆ ಕಿತ್ತು ಬರುತ್ತದೆ. ನಮ್ಮ ಊರುಗಳ ಹಳೆಯ ಗಾರೆ ಕಟ್ಟಡಗಳಿಗೆ ಒಳ್ಳೆಯ ಮನಸ್ಸಿನಿಂದಲೇ ಸಿಮೆಂಟು ಮೆತ್ತಿ ಆದ ಗತಿ ನೋಡಿದವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಹಿಮ, ಇಲ್ಲಿ ಮಳೆ ಮತ್ತು ಉಪ್ಪು. ತೇವ ಸಿಕ್ಕಿಬೀಳುವುದು ಮಾತ್ರ ಒಂದೇ.

ಹೀಡೆಮಾರ್ಕ್ ಅವರ ದಾರಿಯ ಮೇಲೆ ಒಂದು ಆಕ್ಷೇಪ ಎತ್ತಬಹುದು. ಹೊಸದನ್ನು ಹಳೆಯ ರೀತಿಯಲ್ಲೇ ಮಾಡಿದರೆ ಮುಂದಿನ ಓದುಗನಿಗೆ ಮೋಸವಾಗುವುದಿಲ್ಲವೇ? ಯಾವುದು 1660ರದು, ಯಾವುದು 1970ರದು ಎಂದು ಹೇಗೆ ತಿಳಿಯುವುದು? ಇದು ಸುಮ್ಮನೆ ತಳ್ಳಿಹಾಕುವ ಪ್ರಶ್ನೆಯಲ್ಲ. ನನ್ನ ಅಭಿಪ್ರಾಯ ಹೀಗಿದೆ. ಗುರುತು ಕಾಣಲಿ ಅಂತ ಬೇರೆ ವಸ್ತು ಬಳಸಿ, ಆ ವಸ್ತುವೇ ಹಳೆಯದನ್ನು ಕೆಡಿಸಿದರೆ ಗುರುತು ಇಟ್ಟು ಏನು ಫಲ? ಯಾವ ತುಂಡು ಹೊಸದು ಎಂಬುದನ್ನು ಅಳತೆ, ಚಿತ್ರ, ಬರಹದಲ್ಲಿ ದಾಖಲಿಸಬಹುದು. ಪುಡಿಯಾದ ಇಟ್ಟಿಗೆಯನ್ನು ದಾಖಲೆಯಿಂದ ಮರಳಿ ತರಲಾಗದು. ಸ್ಕೂಕ್ಲೋಸ್ಟರ್ ಆದ ಮೇಲೆ ಸ್ವೀಡನ್ನಿನ ಕಟ್ಟಡ ಸಂರಕ್ಷಣೆಯಲ್ಲಿ ಹಳೆಯ ವಸ್ತು, ಹಳೆಯ ಕಸುಬುಗಳಿಗೆ ಮತ್ತೆ ಮರ್ಯಾದೆ ಬಂತು. ಹೀಡೆಮಾರ್ಕ್ ಮುಂದೆ ಸ್ಟಾಕ್‌ಹೋಮ್‌ನ ರಾಯಲ್ ಕಲಾ ಶಾಲೆಯಲ್ಲಿ ಪ್ರಾಧ್ಯಾಪಕರಾಗಿ ಇದನ್ನೇ ಕಲಿಸಿದರು. 2015ರಲ್ಲಿ ತೀರಿಕೊಂಡರು.

ಮುಗಿಯದ ಹಜಾರವನ್ನು ಆಗಲೂ ಮುಗಿಸಲಿಲ್ಲ. ಮಾದರಿ ಇತ್ತು, ಪಕ್ಕದಲ್ಲಿ ಮುಗಿದ ಕೋಣೆಗಳಿದ್ದವು, ದಶಕದ ಕೆಲಸದಲ್ಲಿ ಪಳಗಿದ ಕೈಗಳೂ ಇದ್ದವು. ಮಾಡಬಹುದಿತ್ತು. ಮಾಡದೆ ಬಿಟ್ಟದ್ದೇ ಆ ದಶಕದ ಅತ್ಯಂತ ಒಳ್ಳೆಯ ತೀರ್ಮಾನ ಅಂತ ನಾನು ನಂಬಿದ್ದೇನೆ.

ಜೂನ್‌ನಲ್ಲಿ ಸ್ವೆಟರ್

ನಾನು ಅಲ್ಲಿಗೆ ಹೋದದ್ದು ಜೂನ್ ಮೊದಲ ವಾರ. ಹೊರಗೆ ಬಿಸಿಲು, ಸರೋವರದ ದಡದಲ್ಲಿ ಜನ ಅಂಗಿ ಬಿಚ್ಚಿ ಕೂತಿದ್ದರು. ಒಳಗೆ ಕಾಲಿಟ್ಟರೆ ಚಳಿ. ಬ್ಯಾಗಿನಿಂದ ಸ್ವೆಟರ್ ತೆಗೆದು ಹಾಕಿಕೊಂಡೆ. ಅರಮನೆಯ ಕೋಣೆಗಳಿಗೆ ಬಿಸಿ ಮಾಡುವ ವ್ಯವಸ್ಥೆ ಇಲ್ಲ. ಚಳಿಗಾಲ ಪೂರ್ತಿ ತಣ್ಣಗಾದ ದಪ್ಪ ಇಟ್ಟಿಗೆ ಗೋಡೆಗಳು ಬೇಸಿಗೆ ಬಂದರೂ ಬೇಗ ಬೆಚ್ಚಗಾಗುವುದಿಲ್ಲ.

ಈ ಚಳಿಯಲ್ಲೇ ಇವತ್ತಿನ ಸಮಸ್ಯೆ ಇದೆ. ವಸಂತದಲ್ಲಿ ಹೊರಗಿನ ಬೆಚ್ಚನೆಯ ಗಾಳಿ ಒಳಗೆ ಬರುತ್ತದೆ. ಅದರಲ್ಲಿ ತೇವವಿರುತ್ತದೆ. ತಣ್ಣನೆಯ ಗೋಡೆಗೆ ತಾಗಿದಾಗ, ಫ್ರಿಜ್‌ನಿಂದ ತೆಗೆದ ಚೊಂಬಿನ ಮೇಲೆ ಹನಿ ಕೂರುವಂತೆ, ತೇವ ಏರುತ್ತದೆ. ಬಿಸಿಲು ಕಾಣದ ಕೋಣೆಗಳಲ್ಲಿ, ಚಿತ್ರಗಳ ಹಿಂಬದಿಯಲ್ಲಿ, ಪುಸ್ತಕಗಳಲ್ಲಿ ಬೂಷ್ಟು ಹಿಡಿಯುವ ಭಯ. ಹಾಗಾದರೆ ಬಿಸಿ ಮಾಡಿಬಿಡಬಾರದೇ? ಅದರಲ್ಲೂ ತೊಂದರೆಯಿದೆ. ಚಳಿಗಾಲದ ಗಾಳಿಯಲ್ಲಿ ನೀರು ತೀರಾ ಕಡಿಮೆ. ಅದನ್ನು ನಮ್ಮ ಸುಖಕ್ಕೆ ತಕ್ಕಷ್ಟು ಬಿಸಿ ಮಾಡಿದರೆ ಒಣಗಿ ಹೋಗುತ್ತದೆ. ಆಗ ಮರ ಕುಗ್ಗುತ್ತದೆ, ಹಲಗೆಯ ಮೇಲಿನ ಬಣ್ಣ ಸಿಡಿಯುತ್ತದೆ, ಚರ್ಮ ಬಿರುಕು ಬಿಡುತ್ತದೆ. ಮುನ್ನೂರು ವರ್ಷ ಚಳಿಯಲ್ಲೇ ಉಳಿದ ಸಾಮಾನು ಒಂದೇ ಚಳಿಗಾಲದಲ್ಲಿ ಕೆಡಬಹುದು.

ಗಾಟ್ಲಂಡ್ ದ್ವೀಪದಲ್ಲಿ ಕಟ್ಟಡ ಸಂರಕ್ಷಣೆ ಕಲಿಸುವ ವಿಭಾಗದ ಸಂಶೋಧಕರು ಇಲ್ಲಿನ ಗಾಳಿ, ತೇವ, ಉಷ್ಣತೆಯನ್ನು ಅಳೆದು ಅಧ್ಯಯನ ಮಾಡಿದ್ದಾರೆ. ಇಂಥ ಕಟ್ಟಡಗಳಿಗೆ ಇರುವ ದಾರಿಗಳು ಮೂರು ನಾಲ್ಕು. ಬೂಷ್ಟು ಬಾರದಷ್ಟೇ ಸ್ವಲ್ಪ ಬಿಸಿ ಮಾಡುವುದು, ಯಂತ್ರದಿಂದ ತೇವ ಹೀರಿಸುವುದು, ಹೊರಗಿನ ಗಾಳಿ ಒಳಗಿನದಕ್ಕಿಂತ ಒಣಗಿರುವ ಹೊತ್ತು ನೋಡಿ ಮಾತ್ರ ಅದನ್ನು ಒಳಗೆ ಬಿಡುವುದು. ಯಾವುದನ್ನು ಮಾಡಿದರೂ ತಂತಿ, ಕೊಳವೆಗಾಗಿ ಹಳೆಯ ಗೋಡೆಗೆ ಕೈ ಹಾಕಬೇಕು. ಹವಾಮಾನ ಬದಲಾಗಿ ಚಳಿಗಾಲ ಬೆಚ್ಚಗೆ, ತೇವವಾಗಿ ಆದಷ್ಟೂ ಈ ಲೆಕ್ಕ ಕಷ್ಟವಾಗುತ್ತದೆ. ಮುಟ್ಟದೆ ಇದ್ದುದರಿಂದ ಉಳಿದ ಮನೆಯನ್ನು ಇನ್ನು ಮುಟ್ಟದೆ ಉಳಿಸಲಾಗದು ಅನ್ನುವ ಕಡೆಗೆ ಇದು ಹೋಗುತ್ತಿದೆ. ನನಗೆ ಇದು ನಿಜವಾದ ಚಿಂತೆ.

ಇಲ್ಲಿಂದ ಓದಲು ಬಯಸುವವರಿಗೆ ಒಂದು ಅನುಕೂಲವಿದೆ. ಅರಮನೆಯ ಸಂಗ್ರಹದ ಸಾವಿರಾರು ಫೋಟೋಗಳನ್ನು ಯಾರು ಬೇಕಾದರೂ ಬಳಸುವಂತೆ ವಿಕಿಮೀಡಿಯಾ ಕಾಮನ್ಸ್‌ಗೆ ಕೊಟ್ಟಿದ್ದಾರೆ. ಕೈಸಾಮಾನು, ಬಂದೂಕಿನ ಹಿಡಿಯ ಕೆತ್ತನೆ, ಚಿತ್ರಗಳು ಎಲ್ಲವನ್ನೂ ದೊಡ್ಡದು ಮಾಡಿ ನೋಡಬಹುದು. ನಾನು ಹೋಗುವ ಮುಂಚೆ ತಿಂಗಳುಗಟ್ಟಲೆ ನೋಡಿದ್ದು ಅವನ್ನೇ.

ಹೋಗುವ ಅವಕಾಶ ಸಿಕ್ಕರೆ ಬೇಸಿಗೆಯಲ್ಲಿ ಹೋಗಿ. ಚಳಿಗಾಲದಲ್ಲಿ ಮುಚ್ಚಿರುತ್ತದೆ. ಸಾಧ್ಯವಾದರೆ ಮುಗಿಯದ ಹಜಾರವನ್ನು ಮೊದಲು ನೋಡಿ. ತೊಲೆಗಳನ್ನು ಎಣಿಸಿ. ಗೋಡೆಯ ಇಟ್ಟಿಗೆಯನ್ನು ಹತ್ತಿರದಿಂದ ನೋಡಿ. ಆಮೇಲೆ ರಾಜರ ಹಜಾರಕ್ಕೆ ಬಂದು, ಆ ಗಾರೆ ಗೊಂಬೆಗಳ ಹಿಂದೆ ಅಂಥದೇ ತೊಲೆ, ಹಲಗೆ, ಮೊಳೆ ಇವೆ ಎಂದು ನೆನಪಿಟ್ಟುಕೊಂಡು ತಲೆ ಎತ್ತಿ. ಸ್ವೆಟರ್ ಮರೆಯಬೇಡಿ.